ಕುಂಟೆಯಿಂದ ಹಿಮ ತೂರುವ ಯಂತ್ರದವರೆಗೆ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ಒಂದು ಮಿಂಚಂಚೆ ಬಂದಿತು. ಆತ ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದ ಹೊರವಲಯದಲ್ಲಿ ಐದು ಎಕರೆ ಜಾಗದ ಮನೆಯೊಂದನ್ನು ಕೊಂಡಿದ್ದಾನೆ. ಜೊತೆಗೆ ಇಪ್ಪತ್ತೈದು ಅಶ್ವಶಕ್ತಿಯ ಚಿಕ್ಕ ಟ್ರ್ಯಾಕ್ಟರನ್ನೂ ಕೊಂಡಿದ್ದಾನೆ. ದೊಡ್ಡ ರಸ್ತೆಯಿಂದ ಮನೆಯವರೆಗೆ ಮುನ್ನೂರು ಅಡಿ ಉದ್ದದ ಗರಸಿನ ಹಾದಿಯಿದೆಯಂತೆ. ಚಳಿಗಾಲದಲ್ಲಿ ಅದರ ಮೇಲೆ ಹಿಮ ಬಿದ್ದರೆ ಮನೆಯವರು ಹೊರಗೆ ಬರುವಂತಿಲ್ಲ. ಅದನ್ನು ತೆಗೆಯಲು ಟ್ರ್ಯಾಕ್ಟರಿಗೆ ಯಾವ ಸಲಕರಣೆ ಜೋಡಿಸಬೇಕು ಎಂಬುದು ಅವನ ಚಿಂತೆ. "ಸರ್, ಮುಂದೆ ಜೋಡಿಸುವುದು ಒಂದು, ಹಿಂದೆ ಜೋಡಿಸುವುದು ಇನ್ನೊಂದು, ಬರೀ ತಳ್ಳುವ ಹಲಗೆ ಮತ್ತೊಂದು. ಅಂಗಡಿಯವನು ಮೂರನ್ನೂ ಹೊಗಳುತ್ತಾನೆ. ನಮ್ಮ ಹಿರಿಯರು ಇಂಥದ್ದನ್ನು ಹೇಗೆ ಆರಿಸುತ್ತಿದ್ದರು, ನೀವೇ ಹೇಳಿರಿ" ಎಂದು ಅರ್ಧ ತಮಾಷೆಗೆ ಬರೆದಿದ್ದ.

ನಾನು ಹಿಮವನ್ನು ಕಂಡವನಲ್ಲ. ಗಳಗನಾಥದಲ್ಲಿ ಹುಟ್ಟಿ ಬೆಳೆದು, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ತಾಲೂಕುಗಳ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತನಾದ ನಾನು ಕಂಡಿರುವುದು ಬೇಸಿಗೆಯ ಆಣೆಕಲ್ಲಿನ ಮಳೆಯನ್ನು ಮಾತ್ರ. ಆದರೂ ಆ ಪ್ರಶ್ನೆ ನನ್ನನ್ನು ಮೂರು ದಿನ ಬಿಡಲಿಲ್ಲ. ಏಕೆಂದರೆ ಅದೇ ಪ್ರಶ್ನೆ ನಮ್ಮ ಮನೆಯಲ್ಲಿ ಮೂರು ಸಲ ಎದ್ದಿತ್ತು. ಒಮ್ಮೆ ನನ್ನ ತಂದೆ ಸರಿಯಾದ ಉತ್ತರ ಕೊಟ್ಟರು. ಒಮ್ಮೆ ನಾನು ತಪ್ಪು ಉತ್ತರ ಕೊಟ್ಟೆ, ಅದರ ಬೆಲೆಯನ್ನು ಬೇರೊಬ್ಬರು ತೆತ್ತರು. ಮೂರನೆಯ ಸಲದ ಉತ್ತರ ಅರ್ಧ ಸರಿ, ಅರ್ಧ ತಪ್ಪು. ಆದ್ದರಿಂದ ಅವನೊಬ್ಬನಿಗೆ ಬರೆಯಬೇಕಾದುದನ್ನು ನಿಮ್ಮೆಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರನ್ನು ಕಾಣದವರಿಗಾಗಿ ಒಂದು ಮಾತು. ವರದಾ ನದಿ ತುಂಗಭದ್ರೆಯನ್ನು ಕೂಡುವ ಎಡೆಯಲ್ಲಿದೆ ಗಳಗನಾಥ. ಹೊಳೆಯ ದಂಡೆಯಲ್ಲಿ ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯವಿದೆ. ದಂಡೆಯಿಂದ ತುಸು ಮೇಲಕ್ಕೆ ಬಂದರೆ ಎರೆಭೂಮಿ, ಇನ್ನೂ ಮೇಲಕ್ಕೆ ಹೋದರೆ ಮಸಾರಿ. ಎರೆಯ ಸ್ವಭಾವ ನಿಮಗೆ ಗೊತ್ತೇ ಇದೆ. ಮಳೆಯಾದರೆ ಕಾಲಿಗೆ ಅಂಟುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದನ್ನು ಉಳುವ ಹದ ನಡುವಿನ ಕೆಲವೇ ದಿನ. ಆ ಕೆಲವು ದಿನಗಳಲ್ಲಿ ಎತ್ತಿನ ಹಿಂದೆ ಏನು ಕಟ್ಟಬೇಕು ಎಂಬುದರ ಮೇಲೆ ವರ್ಷದ ಅನ್ನ ನಿಂತಿರುತ್ತಿತ್ತು.

ನಾನು ಹುಡುಗನಾಗಿದ್ದ ಕಾಲದಲ್ಲಿ ನಮ್ಮ ಮನೆಯಲ್ಲಿದ್ದ ಗಳೆಯ ಸಾಮಾನುಗಳು ಹೆಚ್ಚಿನವಲ್ಲ. ನೆಲ ಸೀಳಲು ರಂಟೆ, ಮೇಲ್ಮಣ್ಣು ಸಡಿಲಿಸಿ ಕಸ ಕೊಯ್ಯಲು ಕುಂಟೆ, ಬಿತ್ತಲು ಕೂರಿಗೆ, ಸಾಲುಗಳ ನಡುವೆ ಹಾಯಿಸಲು ಎಡೆಕುಂಟೆ. ಇವುಗಳಲ್ಲಿ ಎರೆಹೊಲದ ಒಕ್ಕಲಿಗನ ಬಲಗೈ ಎಂದರೆ ಕುಂಟೆ. ಒಂದು ದಿಂಡು, ಅದಕ್ಕೆ ಎರಡು ತಾಳು, ತಾಳುಗಳಿಗೆ ಅಡ್ಡಲಾಗಿ ಒಂದು ಕಬ್ಬಿಣದ ಕುಡ, ನೊಗದವರೆಗೆ ಚಾಚಿದ ಈಸು. ಅದರಲ್ಲಿ ತಿರುಗುವ ಭಾಗ ಒಂದೂ ಇಲ್ಲ. ಕುಡ ಮಣ್ಣಿನ ಒಳಗೆ ಎರಡು ಮೂರು ಅಂಗುಲ ಕೆಳಗೆ ಚಾಪೆ ಎಳೆದಂತೆ ಹೋಗುತ್ತದೆ. ಕಸದ ಬೇರು ಕೊಯ್ಯುತ್ತದೆ, ಬಿರುಕು ಮುಚ್ಚುತ್ತದೆ, ಒಳಗಿನ ಹಸಿಯನ್ನು ಒಳಗೇ ಕಾಯುತ್ತದೆ.

1958ರ ಸುಮಾರಿಗೆ ನನ್ನ ತಂದೆ ಹೊಸ ಕುಂಟೆ ಮಾಡಿಸಿದ ಪ್ರಸಂಗ ನನಗಿನ್ನೂ ನೆನಪಿದೆ. ಬಡಗಿ ಮನೆಗೆ ಬಂದು ಜಗುಲಿಯ ಮೇಲೆ ಕುಳಿತು ಕೇಳಿದ ಪ್ರಶ್ನೆಗಳು ಮೂರೇ: "ಯಾವ ಹೊಲಕ್ಕ? ಯಾವ ಎತ್ತಿಗೆ? ಹೊಡಿಯಾಂವ ಯಾರು?" ಹೊಲ ಎರೆಯೋ ಮಸಾರಿಯೋ ಎಂಬುದರ ಮೇಲೆ ತಾಳಿನ ಓರೆ ನಿರ್ಧಾರವಾಗುತ್ತಿತ್ತು. ಎತ್ತಿನ ಕಸುವಿನ ಮೇಲೆ ಕುಡದ ಉದ್ದ. ಹೊಡೆಯುವವನ ಎತ್ತರದ ಮೇಲೆ ಮೇಳಿಯ ಎತ್ತರ. ತಂದೆಗೆ ಉದ್ದನೆಯ ಕುಡದ ಆಸೆಯಿತ್ತು, ಒಂದೇ ದಿನದಲ್ಲಿ ಹೆಚ್ಚು ಹೊಲ ಆಗುತ್ತದಲ್ಲ. ಬಡಗಿ ಎತ್ತುಗಳನ್ನು ಒಮ್ಮೆ ನೋಡಿ, "ಇವಕ್ಕ ಅಷ್ಟು ಭಾರ ಬ್ಯಾಡ್ರಿ, ಹೆಗಲು ಬಾಯತಾವು" ಎಂದ. ತಂದೆ ಒಪ್ಪಿದರು. ಆ ಕುಂಟೆ ಇಪ್ಪತ್ತು ವರ್ಷ ದುಡಿಯಿತು. ಬಡಗಿಗೆ ಅಂದು ಹಣ ಕೊಡುವ ಮಾತಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯದ ಕಾಳು ಒಯ್ಯುತ್ತಿದ್ದ. ಎಂದರೆ ಅವನು ಮಾಡಿಕೊಟ್ಟ ಕುಂಟೆ ಸರಿಯಿಲ್ಲದೆ ನಮ್ಮ ಬೆಳೆ ಕೆಟ್ಟರೆ ಅವನ ಕಾಳಿಗೂ ಕುಂದು. ಸಲಹೆ ಕೊಡುವವನೂ ನಮ್ಮ ಲಾಭನಷ್ಟದಲ್ಲಿ ಪಾಲುದಾರನಾಗಿದ್ದ ಆ ವ್ಯವಸ್ಥೆಯನ್ನು ಇತಿಹಾಸದ ವಿದ್ಯಾರ್ಥಿಗಳಾದ ನೀವು ಗಮನಿಸಬೇಕು. ಅದರಲ್ಲಿ ಜಾತಿಯ ಕಟ್ಟು, ಬಡತನ, ಅನ್ಯಾಯ ಎಲ್ಲವೂ ಇದ್ದವು. ಅದನ್ನು ನಾನು ಮರೆಮಾಚುವುದಿಲ್ಲ. ಆದರೆ ಆ ಮೂರು ಪ್ರಶ್ನೆಗಳು ಮಾತ್ರ ಇಂದಿಗೂ ಬೆಲೆಯುಳ್ಳವು.

ಮರದ ಗಳೆಗೆ ಮೊದಲ ದೊಡ್ಡ ಸವಾಲು ಬಂದುದು ನಮ್ಮ ಸೀಮೆಯವರಿಂದಲೇ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿ, ಅನಂತರ ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ತಯಾರಿಸಿದರು. ನಮ್ಮೂರ ಹೆಸರನ್ನೇ ತಮ್ಮ ಹೆಸರಾಗಿಸಿಕೊಂಡು ಕನ್ನಡಿಗರಿಗೆ ಕಾದಂಬರಿಯ ರುಚಿ ಹತ್ತಿಸಿದ ಗಳಗನಾಥರು, ಎಂದರೆ ವೆಂಕಟೇಶ ತಿರಕೋ ಕುಲಕರ್ಣಿಯವರು, ಹುಟ್ಟಿದುದೂ ಅದೇ 1869ರಲ್ಲಿಯೇ. ಒಂದೇ ವರ್ಷ ಹುಟ್ಟಿದ ಇಬ್ಬರಲ್ಲಿ ಒಬ್ಬರು ಕಾಗದದ ಮೇಲೆ, ಇನ್ನೊಬ್ಬರು ನೆಲದ ಮೇಲೆ ಹೊಸ ಸಾಲು ಎಳೆದರು ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದು ಕೆಲವರಿಗಾದರೂ ನೆನಪಿರಬಹುದು.

ಕಿರ್ಲೋಸ್ಕರರ ನೇಗಿಲನ್ನು ಮೊದಮೊದಲು ರೈತರು ಕೊಳ್ಳಲಿಲ್ಲ. ಕಬ್ಬಿಣ ತಾಗಿದರೆ ನೆಲ ಕೆಡುತ್ತದೆ ಎಂದು ಅವರು ಅಂಜುತ್ತಿದ್ದರೆಂದು ಹೇಳುವುದುಂಟು. ನಾವು ಅದನ್ನು ಮೂಢನಂಬಿಕೆ ಎಂದು ನಗುತ್ತೇವೆ. ಆದರೆ ಆ ಅಂಜಿಕೆಯ ಹಿಂದೆ ಬೇರೊಂದು ಪ್ರಶ್ನೆ ಅಡಗಿತ್ತು: ಇದು ನನ್ನ ಹೊಲಕ್ಕೆ ಹೊಂದುತ್ತದೆಯೇ, ನನ್ನ ಎತ್ತು ಇದನ್ನು ಎಳೆಯಬಲ್ಲವೇ, ಮುರಿದರೆ ಊರ ಕಮ್ಮಾರ ಸರಿಪಡಿಸಬಲ್ಲನೇ? ಕರಿಕೆ ಹಬ್ಬಿದ ಹೊಲವನ್ನು ಆಳಕ್ಕೆ ಮಗುಚಿ ಬೇರು ಬಿಸಿಲಿಗೆ ಹಾಕುವ ಕೆಲಸ ಮರದ ರಂಟೆಯಿಂದ ಆಗುತ್ತಿರಲಿಲ್ಲ, ಕಬ್ಬಿಣದ ನೇಗಿಲಿನಿಂದ ಆಗುತ್ತಿತ್ತು. ಅದನ್ನು ಕಣ್ಣಾರೆ ಕಂಡ ಮೇಲೆ ರೈತರು ಕೊಂಡರು. 1910ರಲ್ಲಿ ಔಂಧ್ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿಯೇ ಎದ್ದಿತು. ಮುಂದೆ 1941ರಲ್ಲಿ ರಾಣೆಬೆನ್ನೂರಿನ ಆಚೆ, ಹೊಳೆ ದಾಟಿದರೆ ಸಿಗುವ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಗಿ ಲೇಥ್ ಯಂತ್ರಗಳು ತಯಾರಾದವು. ಈಗ ಆ ಕಾರ್ಖಾನೆ ಇಲ್ಲ.

ಇನ್ನು ಟ್ರ್ಯಾಕ್ಟರಿನ ಮಾತು. ಮೊದಲ ಮಹಾಯುದ್ಧದ ಕಾಲದ ಟ್ರ್ಯಾಕ್ಟರುಗಳಿಗೆ ನೇಗಿಲನ್ನು ಬಂಡಿಗೆ ಬಂಡಿ ಕಟ್ಟಿದಂತೆ ಸರಪಳಿಯಿಂದಲೋ ಕೊಂಡಿಯಿಂದಲೋ ಕಟ್ಟುತ್ತಿದ್ದರು. ನೇಗಿಲು ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡರೆ ಟ್ರ್ಯಾಕ್ಟರಿನ ಮೂತಿ ಮೇಲೆದ್ದು ಹಿಂದಕ್ಕೆ ಮಗುಚಿ, ಹೊಡೆಯುವವನು ಅಡಿಗೆ ಸಿಕ್ಕಿ ಸಾಯುವ ಅನಾಹುತಗಳಾಗುತ್ತಿದ್ದವು. ಐರ್ಲೆಂಡಿನ ರೈತನ ಮಗ ಹ್ಯಾರಿ ಫರ್ಗುಸನ್ ಇದಕ್ಕೆ ಪರಿಹಾರ ಹುಡುಕಿದ. ಕೆಳಗೆ ಎರಡು ತೋಳು, ಮೇಲೆ ಒಂದು ತೋಳು, ಹೀಗೆ ಮೂರು ಕಡೆ ಸಲಕರಣೆಯನ್ನು ಟ್ರ್ಯಾಕ್ಟರಿನ ಮೈಗೇ ಅಂಟಿಸಿದ. ಕೆಳಗಿನ ತೋಳುಗಳನ್ನು ಎಣ್ಣೆಯ ಒತ್ತಡದಿಂದ ಏರಿಸಿ ಇಳಿಸಬಹುದು. ನೇಗಿಲಿಗೆ ನೆಲ ತಡೆಯೊಡ್ಡಿದಷ್ಟೂ ಆ ಭಾರ ಹಿಂದಿನ ಗಾಲಿಗಳ ಮೇಲೆ ಕುಳಿತು ಹಿಡಿತ ಹೆಚ್ಚುತ್ತದೆ. 1938ರಲ್ಲಿ ಆತ ಹೆನ್ರಿ ಫೋರ್ಡನೊಡನೆ ಬರಿಯ ಕೈಕುಲುಕಿ ಒಪ್ಪಂದ ಮಾಡಿಕೊಂಡ. ಮರುವರ್ಷ ಮೂರು ತೋಳಿನ ಫೋರ್ಡ್ ಟ್ರ್ಯಾಕ್ಟರು ಹೊರಬಂದಿತು. ಮುಂದೆ ಫೋರ್ಡನ ಮೊಮ್ಮಗನ ಕಾಲಕ್ಕೆ ಆ ಒಪ್ಪಂದ ಮುರಿದು, ಮೊಕದ್ದಮೆಯಾಗಿ, 1952ರಲ್ಲಿ ಫರ್ಗುಸನ್‌ಗೆ 92.5 ಲಕ್ಷ ಡಾಲರ್ ಸಂದಾಯವಾಯಿತು. ನಮ್ಮ ಕಡೆಯ ಹಿರಿಯರು ಯಾವ ಟ್ರ್ಯಾಕ್ಟರನ್ನು ಕಂಡರೂ "ಫರ್ಗುಸನ್ ಬಂತು" ಎನ್ನುತ್ತಿದ್ದುದು ಇವನ ಹೆಸರಿನಿಂದಲೇ. ಇಂದು ಜಗತ್ತಿನ ಹೆಚ್ಚುಕಡಿಮೆ ಎಲ್ಲ ಕೃಷಿ ಟ್ರ್ಯಾಕ್ಟರುಗಳ ಬೆನ್ನಿಗೂ ಇರುವುದು ಆ ಮೂರು ತೋಳುಗಳೇ. ರಾಚೆಸ್ಟರಿನಲ್ಲಿರುವ ನನ್ನ ವಿದ್ಯಾರ್ಥಿಯ ಟ್ರ್ಯಾಕ್ಟರಿಗೂ, ಗಳಗನಾಥದ ನನ್ನ ತಮ್ಮನ ಮಗನ ಟ್ರ್ಯಾಕ್ಟರಿಗೂ.

ಮೂರು ತೋಳು ಎಳೆಯುವ ಕೆಲಸಕ್ಕೆ. ಎಂಜಿನ್ನಿನ ಶಕ್ತಿಯನ್ನು ತಿರುಗುವ ರೂಪದಲ್ಲಿಯೇ ಹೊರಗೆ ತರುವ ಇನ್ನೊಂದು ಏರ್ಪಾಡೂ 1920ರ ದಶಕದಲ್ಲಿ ರೂಢಿಗೆ ಬಂದಿತು. ಅದೇ ಟ್ರ್ಯಾಕ್ಟರಿನ ಹಿಂಬದಿಯ ಹಲ್ಲುಳ್ಳ ದಂಡ, ನಮ್ಮ ಚಾಲಕರು ಪಿಟಿಒ ಎನ್ನುವುದು ಅದನ್ನೇ. ಅದಕ್ಕೆ ರೂಢಿಯಾದ ವೇಗ ನಿಮಿಷಕ್ಕೆ 540 ಸುತ್ತು. ಅದಕ್ಕೆ ಒಕ್ಕುವ ಯಂತ್ರ ಜೋಡಿಸಬಹುದು, ಪಂಪು ಜೋಡಿಸಬಹುದು. ಇದಕ್ಕೂ ಮೊದಲೇ, 1912ರಲ್ಲಿ, ಆಸ್ಟ್ರೇಲಿಯದ ಗಿಲ್ಗಾಂಡ್ರಾ ಎಂಬ ಊರಿನ ಆರ್ಥರ್ ಕ್ಲಿಫರ್ಡ್ ಹೊವಾರ್ಡ್ ಎಂಬ ತರುಣ ತನ್ನ ತಂದೆಯ ಹೊಲದಲ್ಲಿ ಎಂಜಿನ್ ಬಲದಿಂದ ತಿರುಗುವ ಅಲಗುಗಳಿಂದ ಮಣ್ಣು ಕಡೆಯುವ ಪ್ರಯೋಗ ಮಾಡಿದ್ದ. ಮೊದಲ ಅಲಗುಗಳು ಮಣ್ಣನ್ನು ಬದಿಗೆ ಎರಚುತ್ತಿದ್ದವು. ಅಲಗನ್ನು ಕೋನವಾಗಿ ಬಗ್ಗಿಸಿದ ಮೇಲೆ ಸರಿಹೋಯಿತು. 1922ರಲ್ಲಿ ಆತ ಕಂಪನಿ ತೆರೆದ. ನಮ್ಮ ಹೊಲಗಳಲ್ಲಿ ಇಂದು ಗುಡುಗುವ ರೋಟಾವೇಟರಿನ ಮೂಲಪುರುಷ ಅವನೇ.

ಹೀಗೆ ಟ್ರ್ಯಾಕ್ಟರಿನ ಬೆನ್ನಿಗೆ ಎರಡು ಕುಲಗಳಾದವು. ಎಳೆದರೆ ಸಾಕು ಎನ್ನುವುದು ಕುಂಟೆಯ ಕುಲ, ತಿರುಗಿಸಬೇಕು ಎನ್ನುವುದು ರೋಟಾವೇಟರಿನ ಕುಲ. ನಾನು ತಪ್ಪಿದ್ದು ಈ ಎರಡನೆಯ ಕುಲದ ವಿಷಯದಲ್ಲಿ.

1994ರಲ್ಲಿ ನಾವು ಸಾಲ ಮಾಡಿ ಹಳೆಯ ಟ್ರ್ಯಾಕ್ಟರೊಂದನ್ನು ಕೊಂಡೆವು. ಎತ್ತುಗಳನ್ನು ಮಾರಿದ ದಿನ ತಾಯಿ ಉಣ್ಣಲಿಲ್ಲ. 1996ರ ಸುಗ್ಗಿಗೆ ಜೋಳ ಒಕ್ಕುವ ಯಂತ್ರವನ್ನು ಬಾಡಿಗೆಗೆ ತಂದೆವು. ಟ್ರ್ಯಾಕ್ಟರಿನಿಂದ ಯಂತ್ರಕ್ಕೆ ಹೋಗುವ ದಂಡಕ್ಕೆ ಒಂದು ಕವಚವಿತ್ತು. ಅದು ಸಡಿಲಾಗಿ ಸದ್ದು ಮಾಡುತ್ತಿತ್ತು. ಮಳೆಯ ಮೋಡ ಕವಿದಿತ್ತು, ರಜೆ ಮುಗಿದು ನಾನು ಶಾಲೆಗೆ ಮರಳಬೇಕಾಗಿತ್ತು. "ಅದನ್ನ ತಗದ ಒಗಿ, ಆಮ್ಯಾಲ ನೋಡೂಣು" ಎಂದವನು ನಾನೇ. ಆ ಮಧ್ಯಾಹ್ನ ನನ್ನ ತಮ್ಮನ ಅಂಗಿಯ ತೋಳು ದಂಡಕ್ಕೆ ಸಿಕ್ಕಿತು. ನಿಮಿಷಕ್ಕೆ 540 ಸುತ್ತು ಎಂದರೆ ಒಂದು ಕ್ಷಣಕ್ಕೆ ಒಂಬತ್ತು ಸುತ್ತು. ಅಯ್ಯೋ ಎನ್ನುವುದರೊಳಗೆ ಎಲ್ಲವೂ ಮುಗಿದಿರುತ್ತದೆ. ಜೀವ ಉಳಿಯಿತು. ಬಲಗೈ ಮೊಣಕೈಯಿಂದ ಕೆಳಗೆ ಹೋಯಿತು. ಜೀವನವಿಡೀ ಮಕ್ಕಳಿಗೆ ಬುದ್ಧಿ ಹೇಳಿದ ಮಾಸ್ತರನು ಮನೆಯಲ್ಲಿ ಹೇಳಿದ ಒಂದು ಮಾತಿನ ಫಲ ಅದು. ತಮ್ಮ ಇಂದಿಗೂ ಆ ಮಾತನ್ನು ಎತ್ತಿ ಆಡಿಲ್ಲ. ನಾನೇ ಇಷ್ಟು ವರ್ಷ ಬರೆಯಲಾರದೆ ಇದ್ದೆ.

ಮೂರನೆಯ ಪ್ರಸಂಗ 2012ರದು. ತಮ್ಮನ ಮಗ ರೋಟಾವೇಟರ್ ಕೊಂಡ. ಗೋವಿನಜೋಳದ ಕೂಳೆಯನ್ನು ಅದು ಪುಡಿಮಾಡಿ ಮಣ್ಣಿಗೆ ಬೆರೆಸುವ ಬಗೆ ನೋಡಿ ನಾನೂ ಬೆರಗಾದೆ. ನಾಲ್ಕು ಸಾಲು ಕುಂಟೆ ಹೊಡೆಯುವ ಕೆಲಸ ಒಂದು ಸಾಲಿನಲ್ಲಿ ಮುಗಿಯುತ್ತಿತ್ತು. ಆದರೆ ಹೊಲದ ಒಂದು ಮೂಲೆಯಲ್ಲಿ ಕರಿಕೆಯಿತ್ತು. ಕರಿಕೆಯ ಬಳ್ಳಿ ತುಂಡಾದರೆ ಗಿಣ್ಣುಳ್ಳ ತುಂಡು ತುಂಡೂ ಚಿಗುರುತ್ತದೆ. ರೋಟಾವೇಟರ್ ಅದನ್ನು ಸಾವಿರ ತುಂಡು ಮಾಡಿ ಹೊಲದ ತುಂಬ ಬಿತ್ತಿತು. ಜೊತೆಗೆ ವರ್ಷವರ್ಷವೂ ಒಂದೇ ಆಳಕ್ಕೆ ಕಡೆದುದರಿಂದ ಕೆಳಗಿನ ಮಣ್ಣು ಬಿಗಿದು ಗಟ್ಟಿ ಪದರವಾಯಿತು, ಮಳೆಯ ನೀರು ಇಳಿಯದಾಯಿತು. ಈಗ ಆತ ಕೆಲವು ವರ್ಷಕ್ಕೊಮ್ಮೆ ಆಳವಾಗಿ ನೇಗಿಲು ಹೊಡೆಸಿ, ಬಿತ್ತುವ ಮುಂಚೆ ಟ್ರ್ಯಾಕ್ಟರಿಗೇ ಕಬ್ಬಿಣದ ಕುಂಟೆ ಕಟ್ಟುತ್ತಾನೆ. ರೋಟಾವೇಟರನ್ನು ಬೇಕಾದಲ್ಲಿ ಮಾತ್ರ ಬಳಸುತ್ತಾನೆ. ಕೊಳ್ಳುವ ಮೊದಲು ಒಂದು ಹಂಗಾಮು ಬಾಡಿಗೆಗೆ ತಂದು ನೋಡಬಹುದಾಗಿತ್ತು. 2014ರ ಅನಂತರ ಕೃಷಿ ಯಂತ್ರಧಾರೆ ಕೇಂದ್ರಗಳು ಹೋಬಳಿಗಳಲ್ಲಿ ತೆರೆದ ಮೇಲೆ ಅಂಥ ಅವಕಾಶ ಹಲವರಿಗೆ ದೊರಕಿದೆ.

ಈಗ ಹಿಮದ ಮಾತಿಗೆ ಬರುತ್ತೇನೆ. ವಿದ್ಯಾರ್ಥಿ ಕಳುಹಿಸಿದ ಚಿತ್ರಗಳನ್ನೂ ಕೈಪಿಡಿಗಳನ್ನೂ ಮೊಮ್ಮಗಳ ಸಹಾಯದಿಂದ ಓದಿದಾಗ ನನಗೆ ಕಂಡುದು ನಮ್ಮದೇ ಎರಡು ಕುಲಗಳು. ಹಿಮ ತಳ್ಳುವ ಹಲಗೆ ನಮ್ಮ ಕುಂಟೆಯ ಬಂಧು: ತಿರುಗುವ ಭಾಗವಿಲ್ಲ, ಬೆಲೆ ಕಡಿಮೆ, ಕೆಡುವುದು ಅಪರೂಪ. ಹಿಮ ತೂರುವ ಯಂತ್ರ ರೋಟಾವೇಟರಿನ ದಾಯಾದಿ. ಮುಂದಿನ ಸುರುಳಿ ಅಲಗು ಹಿಮವನ್ನು ಬಾಚಿ ನಡುವಿಗೆ ತರುತ್ತದೆ, ಅದರ ಹಿಂದಿನ ಬೀಸಣಿಗೆಯಂಥ ಚಕ್ರ ಅದನ್ನು ಕೊಳವೆಯ ಮೂಲಕ ದೂರಕ್ಕೆ ಎಸೆಯುತ್ತದೆ. ಕೆನಡಾದ ಕ್ವಿಬೆಕ್ಕಿನ ಆರ್ಥರ್ ಸಿಕಾರ್ಡ್ 1925ರಲ್ಲಿ ಸ್ವಂತ ಬಲದಿಂದ ಓಡುವ ಅಂಥ ಯಂತ್ರವನ್ನು ಮಾಡಿದ. ನಾವು ಕಣದಲ್ಲಿ ರಾಶಿ ತೂರುವುದಕ್ಕೂ ಇದಕ್ಕೂ ನಂಟಿದೆ. ಗಾಳಿಗೆ ಎದುರಾಗಿ ತೂರಿದರೆ ಹೊಟ್ಟು ನಮ್ಮ ಕಣ್ಣಿಗೇ ಬೀಳುತ್ತದೆ, ಹಿಮವೂ ಹಾಗೆಯೇ.

ಆದ್ದರಿಂದ, ಮಗೂ, ನಿನಗೆ ಬಡಗಿಯ ಮೂರು ಪ್ರಶ್ನೆಗಳನ್ನೇ ಕೇಳುತ್ತೇನೆ.

ಯಾವ ಹೊಲಕ್ಕೆ? ನಿಮ್ಮಲ್ಲಿ ಒಂದು ಚಳಿಗಾಲಕ್ಕೆ ಸುಮಾರು ನೂರು ಅಂಗುಲ ಹಿಮ ಬೀಳುತ್ತದೆ ಎನ್ನುತ್ತಾರೆ. ವರ್ಷಕ್ಕೆ ನಾಲ್ಕಾರು ಸಲ ಮಾತ್ರ ಬೀಳುವ ಊರಾಗಿದ್ದರೆ ಹಲಗೆಯೇ ಸಾಕು ಎನ್ನುತ್ತಿದ್ದೆ. ಎಳೆಯುವುದು ಸಾಕಾಗುವಲ್ಲಿ ತಿರುಗಿಸುವುದನ್ನು ಕೊಳ್ಳಬಾರದು. ಆದರೆ ಹಲಗೆ ಹಿಮವನ್ನು ಬದಿಗೆ ಒಟ್ಟುತ್ತದೆ, ದೂರ ಒಯ್ಯುವುದಿಲ್ಲ. ನೂರು ಅಂಗುಲ ಬೀಳುವಲ್ಲಿ ನಡುಚಳಿಗಾಲಕ್ಕೇ ಒಟ್ಟಲು ಜಾಗ ಉಳಿಯದು. ಆದ್ದರಿಂದ ನಿನಗೆ ತೂರುವ ಯಂತ್ರವೇ ತಕ್ಕುದು. ನಿನ್ನ ಹಾದಿ ಗರಸಿನದು. ಯಂತ್ರದ ಬಾಯಿ ನೆಲದಿಂದ ತುಸು ಮೇಲೇಳುವಂತೆ ಅಡಿಯ ಜಾರುಪಟ್ಟಿಗಳನ್ನು ಕೆಳಕ್ಕೆ ಇಳಿಸಿ ಕಟ್ಟು, ಇಲ್ಲವಾದರೆ ಅದು ಹಿಮದೊಡನೆ ಕಲ್ಲನ್ನೂ ತೂರುತ್ತದೆ.

ಯಾವ ಎತ್ತಿಗೆ? ಎಂಜಿನ್ನು ಇಪ್ಪತ್ತೈದು ಅಶ್ವಶಕ್ತಿಯದಾದರೂ ಪಿಟಿಒ ದಂಡಕ್ಕೆ ಬರುವುದು ಅದಕ್ಕಿಂತ ಕಡಿಮೆ. ಆ ಅಂಕೆಯನ್ನು ನೋಡು, ಮುಖಪುಟದ ಅಂಕೆಯನ್ನಲ್ಲ. ಯಂತ್ರದ ಅಗಲ ಗಾಲಿಗಳ ಅಗಲವನ್ನು ಮುಚ್ಚುವಷ್ಟಿರಬೇಕು. ಅದಕ್ಕಿಂತ ಬಹಳ ಹೆಚ್ಚಾದರೆ ತೋಯ್ದ ಹಿಮದಲ್ಲಿ ಎಂಜಿನ್ನು ಏದುಸಿರು ಬಿಡುತ್ತದೆ. ನನ್ನ ತಂದೆಯ ಉದ್ದನೆಯ ಕುಡದ ಆಸೆಯನ್ನು ನೆನೆ. ಮುಂದೆ ಭಾರದ ಯಂತ್ರ ಜೋಡಿಸಿದರೆ ಹಿಂದಿನ ಗಾಲಿಗಳಿಗೂ ಭಾರ ಬೇಕು. ದಂಡದಲ್ಲಿ ಒಂದು ಚಿಕ್ಕ ಮೆದು ಮೊಳೆ ಇರುತ್ತದೆ, ಅಲಗಿಗೆ ಕಲ್ಲು ಸಿಕ್ಕಾಗ ಅದು ಮುರಿದು ಉಳಿದುದನ್ನು ಕಾಯುತ್ತದೆ. ಮುರಿಯಿತೆಂದು ಸಿಟ್ಟಾಗಿ ಗಟ್ಟಿ ಬೋಲ್ಟ್ ಹಾಕಬೇಡ. ನಮ್ಮ ಕುಂಟೆ ಬೇರಿಗೆ ಸಿಕ್ಕು ಮಿಣಿ ಹರಿದಾಗ ತಂದೆ "ಎತ್ತು ಉಳೀತು" ಎನ್ನುತ್ತಿದ್ದರು.

ಹೊಡೆಯುವವನು ಯಾರು? ಹಿಂದೆ ಜೋಡಿಸುವ ಯಂತ್ರ ಅಗ್ಗ ಮತ್ತು ಸರಳ, ಆದರೆ ಅದನ್ನು ನಡೆಸುವವನು ಕತ್ತು ತಿರುಗಿಸಿಕೊಂಡು ಹಿಂದಕ್ಕೆ ಹೋಗಬೇಕು. ಮುಂದೆ ಜೋಡಿಸುವುದು ದುಬಾರಿ, ನಿನ್ನ ಟ್ರ್ಯಾಕ್ಟರಿನ ಹೊಟ್ಟೆಯ ಕೆಳಗೂ ತಿರುಗುವ ದಂಡ ಇದ್ದರೆ ಅದು ಸುಲಭ. ನಿನಗೆ ಐವತ್ತು ದಾಟಿದೆ, ಕತ್ತು ನೋವಿದೆ ಎಂದು ನೀನೇ ಬರೆದಿರುವೆ. ಮುನ್ನೂರು ಅಡಿಯನ್ನು ಚಳಿಗಾಲವಿಡೀ ಕತ್ತು ತಿರುಗಿಸಿಕೊಂಡು ಹೋಗಬೇಡ. ಸಾಲ ಮಾಡದೆ ಕೊಳ್ಳಲಾಗುವುದಾದರೆ ಮುಂದಿನದನ್ನೇ ಕೊಳ್ಳು. ಆಗದಿದ್ದರೆ ಹಿಂದಿನದನ್ನು ಕೊಂಡು ನಿಧಾನವಾಗಿ, ನಡುನಡುವೆ ನಿಂತು ಮಾಡು.

ಕೊನೆಯದಾಗಿ ನನ್ನದೊಂದು ಮಾತು, ಇದು ಬಡಗಿಗೆ ಬೇಕಾಗಿರಲಿಲ್ಲ, ಏಕೆಂದರೆ ಅವನ ಕುಂಟೆ ತಿರುಗುತ್ತಿರಲಿಲ್ಲ. ದಂಡದ ಕವಚವನ್ನು ಎಂದಿಗೂ ತೆಗೆಯಬೇಡ. ಕೊಳವೆಯಲ್ಲಿ ಹಿಮ ಕಟ್ಟಿಕೊಂಡರೆ ಎಂಜಿನ್ನು ಆರಿಸು, ಕೀಲಿ ಕಿಸೆಗೆ ಹಾಕು, ಎಲ್ಲವೂ ನಿಂತಿತೆಂದು ಕಣ್ಣಾರೆ ನೋಡು. ಆಮೇಲೂ ಕೈ ಹಾಕಬೇಡ, ಕೋಲಿನಿಂದ ತೆಗೆ. ನಿಂತಂತೆ ಕಾಣುವ ಚಕ್ರ ಸಿಕ್ಕಿದ ಹಿಮ ಬಿಟ್ಟೊಡನೆ ಒಮ್ಮೆ ತಿರುಗಬಲ್ಲದು.

ಈ ಬರಹವನ್ನು ಪ್ರಕಟಿಸುವ ಮೊದಲು ತಮ್ಮನಿಗೆ ಓದಿ ಹೇಳಿದೆ. 1996ರ ಭಾಗ ಬಂದಾಗ ಅವನು ಹೊಳೆಯ ಕಡೆ ನೋಡುತ್ತ ಕುಳಿತಿದ್ದ. ಮುಗಿದ ಮೇಲೆ, "ಆ ಹುಡುಗಗ ಅಂಗಿ ತೋಳು ಮಡಚಿಕೋ ಅಂತನೂ ಬರಿ" ಎಂದ. ಬರೆದಿದ್ದೇನೆ.